ಸದ್ದಿಲ್ಲದ ದಾರಿ

ಕಥೆ ಹೇಳುವುದು ಇದೇ ಮೊದಲು, ಎಡವಿದರೆ ಮನ್ನಿಸಿ.

ಒಂದು ಕಾಡಿನಲ್ಲಿ ಪ್ರಾಣಿಗಳು ಕಿಕ್ಕಿರಿದಿದ್ದವು. ದೊಡ್ಡ ಪಟ್ಟಣದಲ್ಲಿ ಜನ ಇರುತ್ತಾರಲ್ಲ, ಹಾಗೆ. ಅಲ್ಲಿ ಚಿಗುರಿ ಎಂಬ ತಾಯಿ ಅಳಿಲು ಇತ್ತು. ಅದರ ಮರಿಗಳು ಹುಣಸೆಮರದ ಪೊಟರೆಯಲ್ಲಿ, ಊಟ ಆಚೆಯ ಅತ್ತಿಮರದಲ್ಲಿ. ನಡುವಿನ ಮರಗಳಲ್ಲಿ ಕೊಂಬೆಗೆ ಕೊಂಬೆ ತಾಗಿತ್ತು. ಅಂದರೆ, ಚಿಗುರಿ ನೆಲಕ್ಕೆ ಇಳಿಯುತ್ತಲೇ ಇರಲಿಲ್ಲ. ನೆಲದಲ್ಲಿ ನರಿ ಇತ್ತು, ಅದಕ್ಕೆ.

ಒಂದು ಬೆಳಿಗ್ಗೆ ನರಿ ಕಾಡುಕೋಣಗಳಿಗೆ ಕೈಮುಗಿಯಿತು. "ಒಡೆಯರೇ, ಕೆರೆಗೆ ಹೋಗಲು ನಿಮಗೆ ಹುಣಸೆಮರ, ಅತ್ತಿಮರಗಳ ನಡುವಿನ ಈ ಇಕ್ಕಟ್ಟು ದಾರಿಯೇ? ಮರ ಉರುಳಿಸಿ ಅಗಲ ಮಾಡಿ. ತರಗೆಲೆ ಸರಿಸಿ ಮರಳು ಹಾಸಿ. ಗೊರಸಿನ ಸದ್ದಿಗೆ ಪಾಪ, ಸಣ್ಣವರ ನಿದ್ದೆ ಕೆಡಬಾರದು ನೋಡಿ!"

ಕೋಣಗಳು ಹಿಗ್ಗಿದವು. ಮಧ್ಯಾಹ್ನದೊಳಗೆ ದಾರಿ ಸಿದ್ಧವಾಯಿತು. ಮರ ಉರುಳಿದರೆ ಎಲ್ಲರೂ ನೆಲಕ್ಕಿಳಿದೇ ದಾಟಬೇಕು. ಸದ್ದಿಲ್ಲದಿದ್ದರೆ ಕೋಣಗಳು ಹತ್ತಿರ ಬರುವವರೆಗೂ ದಾಟುವವರಿಗೆ ಏನೂ ತಿಳಿಯುವುದಿಲ್ಲ, ಆಗ ಬೆದರಿ ನಿಂತವರನ್ನು ಹಿಡಿಯುವುದು ಸುಲಭ. ಇದು ನರಿಯ ಲೆಕ್ಕಾಚಾರ.

ಚಿಗುರಿ ಅತ್ತಿಮರದಲ್ಲೇ ಸಿಕ್ಕಿಕೊಂಡಿತು. ಆಚೆಯಿಂದ ಹಸಿದ ಮರಿಗಳ ಕೂಗು ಕೇಳುತ್ತಿತ್ತು. ಆಗಷ್ಟೇ ದಾಟಲು ಹೋದ ಮೊಲದ ಒಂದು ಕಿವಿ ಮಾತ್ರ ಮರಳಿನ ಮೇಲೆ ಬಿದ್ದಿತ್ತು.

"ಬಾ ತಂಗೀ, ನಾನೇ ನಡುವೆ ನಿಂತು ದಾಟಿಸುತ್ತೇನೆ," ಎಂದಿತು ನರಿ.

"ನೀನು ಪಕ್ಕಕ್ಕೆ ಸರಿದರೆ ಬರುತ್ತೇನಣ್ಣಾ."

"ಅಣ್ಣನ ಮೇಲೆ ಅನುಮಾನವೇ? ಕೇಳು, ಮರಿಗಳ ದನಿ ಸಣ್ಣಗಾಗುತ್ತಿದೆ."

ಅದು ನಿಜವಾಗಿತ್ತು. ಚಿಗುರಿ ಮರದಿಂದಿಳಿದು ಒಂದು ಕಾಲನ್ನು ಮರಳಿಗಿಟ್ಟಿತು. ಆಗ ನರಿಯ ಹಿಂದೆ ಕಪ್ಪು ಗೋಡೆಯೊಂದು ಓಡಿಬರುತ್ತಿರುವುದು ಕಂಡಿತು. ಸದ್ದೇ ಇಲ್ಲ!

"ಅಣ್ಣಾ, ಹಿಂದೆ ಕೋಣ!"

"ನನ್ನ ಹತ್ತಿರವೇ ಈ ಹಳೇ ಆಟ?" ನರಿ ನಕ್ಕಿತು. ಆ ನಗು ಮುಗಿಯಲಿಲ್ಲ.

ಹಿರಿಯ ಕೋಣ ತಡವಾಗಿ ನಿಂತಿತು. "ಕಾಲಡಿ ಏನೋ ಸಿಕ್ಕಿತಲ್ಲ!"

"ಒಡೆಯರೇ," ಎಂದಿತು ಚಿಗುರಿ, "ನಿಮ್ಮ ದಾರಿಯ ಆಚೆ ನನ್ನ ಮನೆ ಇದೆ."

ಕೋಣ ತಲೆ ತಗ್ಗಿಸಿತು. ಅಳಿಲು ದಾಟುವವರೆಗೆ ಇಡೀ ಹಿಂಡು ಉಸಿರು ಬಿಗಿಹಿಡಿದು ನಿಂತಿತು. ಮರುದಿನ ಕೋಣಗಳು ಮರಳಿನ ಮೇಲೆ ತರಗೆಲೆ ಹರಡಿದವು. ಆನೆಯನ್ನು ಕರೆದು, ಎರಡು ಬದಿಯ ಮರಗಳ ಕವಲಿನಲ್ಲಿ ಉದ್ದದ ಕೊಂಬೆಯೊಂದನ್ನು ಇಡಿಸಿದವು.

ನೀತಿ: ಓಡುವವರಿಗೆ ಮಾತ್ರ ಮಾಡಿದ ದಾರಿ ಊರನ್ನು ಸೀಳುತ್ತದೆ, ಕೇಡು ಬಗೆದು ಅದನ್ನು ಮಾಡಿಸಿದವನನ್ನೂ ಬಿಡುವುದಿಲ್ಲ.

ಅಂದರೆ, ನಮ್ಮ ಪಟ್ಟಣದಲ್ಲೂ ರಸ್ತೆ ಅಗಲವಾದಷ್ಟೂ ಎದುರುಗಡೆಯ ಶಾಲೆ ದೂರವಾಗುತ್ತದೆ. ಅಳತೆಯಲ್ಲಿ ಅಲ್ಲ, ಹೆದರಿಕೆಯಲ್ಲಿ. ಯಾಕೆಂದರೆ... ಇರಿ, ಅಮ್ಮ ಕರೆಯುತ್ತಿದ್ದಾಳೆ. ತಂಗಿಯನ್ನು ರಸ್ತೆ ದಾಟಿಸಬೇಕಂತೆ.