ಕಾರಿನ ಚಾತುರ್ಮಾಸ್ಯ

ಹೊಳೆದಂಡೆಯಲ್ಲಿ ಒಂದು ಆಶ್ರಮ. ಆಶ್ರಮಕ್ಕೆ ಒಬ್ಬರು ಗುರುಗಳು, ಒಂದು ಹಳೆಯ ಕಾರು. ಆ ಕಾರಿಗೆ ಒಬ್ಬ ಶಿಷ್ಯ, ಶೇಷಗಿರಿ.

ಮಳೆಗಾಲದಲ್ಲಿ ಗುರುಗಳು ಚಾತುರ್ಮಾಸ್ಯಕ್ಕೆ ಕೂರುತ್ತಿದ್ದರು. ನಾಲ್ಕು ಪಕ್ಷ, ಅಂದರೆ ಎರಡು ತಿಂಗಳು ಊರಿನ ಗಡಿ ದಾಟುವಂತಿಲ್ಲ. ಗುರುಗಳು ಕೂತರೆ ಕಾರೂ ಕೂತಂತೆ.

ವ್ರತ ಮುಗಿದ ದಿನ ಸೀಮೋಲ್ಲಂಘನ. ಆಚೆ ದಡದವರು ಪೂರ್ಣಕುಂಭ ಹಿಡಿದು ಆಶ್ರಮದ ಬಾಗಿಲಿಗೆ ಬರುತ್ತಾರೆ. ಗುರುಗಳು ಕಾರಿನಲ್ಲಿ ಸೇತುವೆ ದಾಟಿ ಅವರ ಊರಿಗೆ ಹೋಗುತ್ತಾರೆ.

ಹೋದ ವರ್ಷ ಬಂದವರು ಪೂರ್ಣಕುಂಭ ಕೆಳಗಿಟ್ಟು ಕಾರು ತಳ್ಳಿದರು.

ತಳ್ಳಿದವರ ಮುಂದಾಳು ಜವರಪ್ಪ ಬೆವರು ಒರೆಸಿಕೊಂಡ. “ಶೇಷಗಿರಿ ಸ್ವಾಮಿ, ಇದು ಕಾರಲ್ಲ, ಪಲ್ಲಕ್ಕಿ. ಜನ ಇದ್ರೇನೇ ಹೋಗೋದು. ಬರೋ ವರ್ಷ ನಮ್ಮ ಜೀಪೇ ತರ್ತೀವಿ ಬಿಡಿ.”

ಹದಿನೆಂಟು ವರ್ಷ ಗುರುಗಳನ್ನು ಕೂರಿಸಿಕೊಂಡು ಸ್ಟೇರಿಂಗ್ ಹಿಡಿದವನು ಶೇಷಗಿರಿ. ಒಮ್ಮೆಯೂ ಯಾರಿಗೂ ತಾಗಿಸಿದವನಲ್ಲ. ಆ ಮಾತು ಅವನಿಗೆ ವರ್ಷವಿಡೀ ಚುಚ್ಚಿತು.

ಈ ವರ್ಷ ವ್ರತ ಶುರುವಾಗುವ ದಿನ ಗುರುಗಳ ಮುಂದೆ ಬಂದು ನಿಂತ.

“ಗುರುಗಳೇ, ಈ ಸಲ ಒಂದೇ ತಿರುವಿಗೆ ಸ್ಟಾರ್ಟ್ ಆಗಬೇಕು. ಆಗದಿದ್ರೆ ಕೀ ನಿಮ್ಮ ಪಾದದ ಹತ್ತಿರ ಇಟ್ಟುಬಿಡ್ತೀನಿ. ಜೀಪಿನವರೇ ನಿಮ್ಮನ್ನ ಕರ್ಕೊಂಡು ಹೋಗ್ಲಿ.”

“ಕೀ ಇಟ್ಟುಕೊಂಡು ನಾವೇನು ಮಾಡೋಣ? ನೀನೇನು ಮಾಡ್ತೀಯ, ಹೇಳು.”

“ನೋಡ್ತಾ ಇರಿ ಗುರುಗಳೇ.”

ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಗಣಪತಿ. ಅದರ ಮುಂದೊಂದು ಕೆಂಪು ಬಲ್ಬು. ಶೇಷಗಿರಿ ಬಲ್ಬಿನ ತಂತಿಯನ್ನು ನೇರ ಬ್ಯಾಟರಿಗೇ ಕೊಟ್ಟ. ಕೀ ತೆಗೆದರೂ ಆರದು. ಎರಡು ತಿಂಗಳ ನಂದಾದೀಪ. ಸ್ವಾಮಿಯ ಮುಂದೆ ದೀಪ ಉರಿಯುತ್ತಿರುವ ತನಕ ಕಾರಿಗೆ ಕೇಡಿಲ್ಲ ಎಂದುಕೊಂಡ.

ಸಾಲದೆಂದು ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಬಂದು ಇಂಜಿನ್ ಓಡಿಸುತ್ತಿದ್ದ. ಎರಡು ನಿಮಿಷ. ಆಮೇಲೆ ಬಾನೆಟ್ಟಿಗೆ ಕೈ ಮುಗಿದು ಬಾಗಿಲು ಹಾಕುತ್ತಿದ್ದ.

ಒಂಬತ್ತನೆಯ ಬೆಳಿಗ್ಗೆ ಕೀ ತಿರುಗಿಸಿದ. ಕಟಕಟ ಎಂದಿತು, ಅಷ್ಟೇ. ಗಣಪತಿಯ ಮುಂದೆ ಕತ್ತಲು.

ಸದ್ದು ಕೇಳಿ ಗುರುಗಳು ಶೆಡ್ಡಿಗೆ ಬಂದರು.

“ನಂದಾದೀಪ ಆರಿದೆ.”

“ಭಕ್ತಿಯಿಂದ ಹಚ್ಚಿದ್ದೆ ಗುರುಗಳೇ.”

“ಭಕ್ತಿ ಬತ್ತಿ ಆಯಿತು. ಎಣ್ಣೆ ಯಾರು ಹೊಯ್ಯುತ್ತಿದ್ದರು?”

“ನಾನೇ. ದಿನಾ ಇಂಜಿನ್ ಓಡಿಸ್ತಿದ್ದೆನಲ್ಲ.”

ಗುರುಗಳು ಒಳಗೆ ಹೋಗಿ ತೀರ್ಥ ಕೊಡುವ ಪುಟ್ಟ ಉದ್ಧರಣೆ ತಂದು ಅವನ ಕೈಗಿಟ್ಟರು.

“ಬಾಯಾರಿದೆಯೇ?”

“ಇಲ್ಲ ಗುರುಗಳೇ.”

“ಓಡುತ್ತ ಹೊಳೆಗೆ ಇಳಿ. ಇದರ ತುಂಬ ನೀರು ಕುಡಿ. ಓಡುತ್ತ ಹತ್ತಿ ಬಾ.”

ಹೊಳೆಗೆ ಎಂಬತ್ತು ಮೆಟ್ಟಿಲು. ಶೇಷಗಿರಿಗೆ ಐವತ್ತರ ಹತ್ತಿರ ವಯಸ್ಸು. ಹತ್ತಿ ಬಂದವನು ಕಾರಿನ ಚಕ್ರಕ್ಕೆ ಒರಗಿ ಕೂತುಬಿಟ್ಟ.

“ಈಗ ಬಾಯಾರಿದೆಯೇ?”

“ಈಗ ಆರಿದೆ.”

“ನೀರು ಕುಡಿದೆಯಲ್ಲ. ಸರಿ, ಇನ್ನೊಂದು ಸಲ ಹೋಗಿ ಬಾ.”

ಶೇಷಗಿರಿ ಕೈಯಲ್ಲಿದ್ದ ಉದ್ಧರಣೆ ನೋಡಿದ. ಬಾನೆಟ್ ನೋಡಿದ.

“ಇಂಜಿನ್ ಏಳಿಸೋದಕ್ಕೇ ಬ್ಯಾಟರಿ ಶಕ್ತಿಯೆಲ್ಲ ಹೋಗ್ತಿತ್ತು,” ಅಂದ. “ಎರಡು ನಿಮಿಷದಲ್ಲಿ ನಾನು ಅದಕ್ಕೆ ಕೊಟ್ಟದ್ದು ಒಂದು ಉದ್ಧರಣೆ. ಆ ಬಲ್ಬು ಅದನ್ನೂ ಕುಡೀತು.”

ಗುರುಗಳು ಉದ್ಧರಣೆ ಹಿಂದಕ್ಕೆ ತೆಗೆದುಕೊಂಡರು.

“ಹಾಗಾದ್ರೆ ಏನು ಮಾಡಲಿ ಗುರುಗಳೇ?”

“ವ್ರತಕ್ಕೆ ಕೂರುವ ಮೊದಲು ನಾವೇನು ಮಾಡಿದೆವು?”

“ಹೊಟ್ಟೆತುಂಬ ಉಂಡಿರಿ. ಸ್ನಾನ ಮಾಡಿದಿರಿ. ಮೊಬೈಲು ನನ್ನ ಕೈಗೆ ಕೊಟ್ಟು, ಯಾರು ಕರೆದರೂ ಇಲ್ಲ ಅನ್ನು ಅಂದಿರಿ.”

“ಅದಕ್ಕೂ ಅಷ್ಟು ಮಾಡು.”

ಶೇಷಗಿರಿ ಮೊದಲು ಮೈನಸ್ ತಂತಿ ಬಿಚ್ಚಿದ, ಆಮೇಲೆ ಪ್ಲಸ್. ಬ್ಯಾಟರಿಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಪೇಟೆಗೆ ಹೋದ.

“ಎರಡು ಗಂಟೆ ಬಿಟ್ಟು ಬನ್ನಿ, ಚಾರ್ಜ್ ಮಾಡಿಕೊಡ್ತೀನಿ,” ಅಂದ ಬ್ಯಾಟರಿ ಅಂಗಡಿಯವ.

“ಅವಸರ ಬೇಡಿ. ನಿಧಾನಕ್ಕೆ ಉಣ್ಣಿಸಿ. ನಾಳೆ ಬರ್ತೀನಿ.”

ಮರುದಿನ ಗೆರೆಯ ತನಕ ಡಿಸ್ಟಿಲ್ಡ್ ವಾಟರ್ ಹಾಕಿಸಿ ತಂದ. ತುದಿಗಳಲ್ಲಿ ಕಟ್ಟಿದ್ದ ಬಿಳಿ ಪುಡಿಯನ್ನು ಅಡುಗೆಸೋಡದ ನೀರಿನಲ್ಲಿ ಉಜ್ಜಿ ತೊಳೆದು, ಒರೆಸಿ, ವ್ಯಾಸಲೀನ್ ಸವರಿದ. ಉಗ್ರಾಣದಲ್ಲಿ ಒಣಗಿದ ಹಲಗೆಯ ಮೇಲೆ ಕೂರಿಸಿದ. ಯಾವ ತಂತಿಯ ನಂಟೂ ಇಲ್ಲ. ಬಲ್ಬಿಗೆ ಒಂದು ಸ್ವಿಚ್ಚು ಹಾಕಿ ಆರಿಸಿಟ್ಟ.

ತಿಂಗಳಾಗುತ್ತಲೇ ಮತ್ತೆ ಪೇಟೆಗೆ ಒಯ್ದು ಒಂದು ದಿನ ಉಣ್ಣಿಸಿ ತಂದ.

ನಡುವೆ ಒಂದು ದಿನ ಜವರಪ್ಪ ಪ್ರಸಾದಕ್ಕೆ ಬಂದ. ತೆರೆದ ಬಾನೆಟ್ಟಿನೊಳಗಿನ ಖಾಲಿ ಜಾಗ ನೋಡಿದ, ಉಗ್ರಾಣದ ಹಲಗೆಯ ಮೇಲಿನ ಬ್ಯಾಟರಿ ನೋಡಿದ.

“ಏನ್ ಸ್ವಾಮಿ, ಇದಕ್ಕೂ ಸನ್ಯಾಸ ಕೊಟ್ಬಿಟ್ರಾ? ಕಾವಿ ಹೊದಿಸೋದೊಂದು ಬಾಕಿ.”

“ಸನ್ಯಾಸವಲ್ಲ ಜವರಪ್ಪನವರೇ, ವ್ರತ. ಮುಗಿದ ದಿನ ಬನ್ನಿ.”

ಹಾಗೆ ಅಂದನಾದರೂ ಸಂಜೆಯ ಹೊತ್ತಿಗೆ ಕೈ ತುರಿಸತೊಡಗಿತು. ಗುರುಗಳ ಹತ್ತಿರ ಹೋದ.

“ಗುರುಗಳೇ, ಒಂದೇ ಒಂದು ಸಲ ಹಾಕಿ, ಸ್ಟಾರ್ಟ್ ಮಾಡಿ ನೋಡಲೇ?”

“ನಾವು ಧ್ಯಾನದಲ್ಲಿರುವಾಗ ಭುಜ ಅಲುಗಿಸಿ, ಧ್ಯಾನ ಚೆನ್ನಾಗಿ ಆಗ್ತಿದೆಯಾ ಅಂತ ಕೇಳ್ತೀಯಾ?”

ಶೇಷಗಿರಿ ನಕ್ಕು ಹಿಂದಿರುಗಿದ. ಉಗ್ರಾಣದ ಬಾಗಿಲು ಎಳೆದುಕೊಂಡ.

ಸೀಮೋಲ್ಲಂಘನದ ದಿನ ಬಂತು. ಪೂರ್ಣಕುಂಭ ಬಂತು. ಅದರ ಹಿಂದೆ ಜೀಪೂ ಬಂತು. ಜೀಪಿನಿಂದ ಜವರಪ್ಪನೂ ಆರು ಜನರೂ ಇಳಿದರು. ಏಳು ಜನರ ಅಂಗಿಯ ತೋಳೂ ಆಗಲೇ ಮಡಿಚಿತ್ತು.

ಶೇಷಗಿರಿ ಬೆಳಿಗ್ಗೆಯೇ ಬ್ಯಾಟರಿ ಕೂರಿಸಿದ್ದ. ಮೊದಲು ಪ್ಲಸ್, ಆಮೇಲೆ ಮೈನಸ್. ಗುರುಗಳು ಮುಂದಿನ ಸೀಟಿನಲ್ಲಿ ಕೂತರು.

“ತಳ್ಳೋಣವಾ ಸ್ವಾಮಿ?” ಜವರಪ್ಪ ಹಿಂದಿನಿಂದ ಕೂಗಿದ.

ಶೇಷಗಿರಿ ಕೀ ತಿರುಗಿಸಿದ.

ಒಂದೇ ತಿರುವು. ಅದೂ ಪೂರ್ತಿ ಆಗಲಿಲ್ಲ. ಶೆಡ್ಡಿನ ತಗಡು ನಡುಗುವ ಹಾಗೆ ಇಂಜಿನ್ ಎದ್ದಿತು.

ಜವರಪ್ಪ ಮಡಿಚಿದ ತೋಳನ್ನು ಒಂದೊಂದೇ ಸುತ್ತು ಇಳಿಸಿದ. ಉಳಿದ ಆರು ಜನ ಅವನ ಮುಖ ನೋಡಿ ತಾವೂ ಇಳಿಸಿದರು.

“ನಡೀರಪ್ಪ, ಜೀಪು ಹಿಂದೆ ಬರಲಿ,” ಅಂದ.

ಶೇಷಗಿರಿಯ ಬೆನ್ನು ನೆಟ್ಟಗಾಯಿತು. ಹದಿನೆಂಟು ವರ್ಷದಲ್ಲಿ ಅವನು ಅಷ್ಟು ನೆಟ್ಟಗೆ ಕೂತದ್ದಿಲ್ಲ.

“ಗುರುಗಳೇ, ಸ್ವಲ್ಪ ಹೆಮ್ಮೆ ಪಡಬಹುದೇ?”

“ಪಡು. ಸೇತುವೆ ಉದ್ದಕ್ಕೂ ಪಡು.”

ಕಾರು ಸೇತುವೆ ಹತ್ತಿತು. ಶೇಷಗಿರಿಯ ಕೈ ಗಣಪತಿಯ ಸ್ವಿಚ್ಚಿನ ತನಕ ಹೋಗಿ ನಿಂತಿತು. ಅವನು ಗುರುಗಳ ಮುಖ ನೋಡಿದ.

ಗುರುಗಳು ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಹೇಳಿದರು: “ಈಗ ಹಚ್ಚು. ಎಣ್ಣೆ ಹೊಯ್ಯುವವನು ಎದ್ದಿದ್ದಾನೆ.”