ಕುರ್ಚಿಯ ಹಿಂದೆ ನಿಂತವರು

ಏಳನೇ ಕ್ಲಾಸಿನ ಗಣಿತ ಪರೀಕ್ಷೆಯ ದಿನ ಮೊದಲ ಸಲ ಮನೆ ಬಿಟ್ಟ ಬೋರಣ್ಣ, ಊರೂರು ಸುತ್ತಿ ಈಗ ದಾವಣಗೆರೆಯ ಒಂದು ಕಾಫಿ ಅಂಗಡಿಯಲ್ಲಿ ಸಪ್ಲೈಯರ್ ಆಗಿದ್ದ. ಅಲ್ಲಿ ವೈಫೈ ಪುಕ್ಕಟೆ. ಟೈ ಕಟ್ಟಿದ ಸಾಹೇಬನೊಬ್ಬ ಬೆಳಿಗ್ಗೆ ಒಂದೇ ಕಾಫಿ ಕುಡಿದು, ನಾಲ್ವರ ಟೇಬಲ್ಲಿನಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತವನು ಹನ್ನೊಂದಾದರೂ ಏಳಲಿಲ್ಲ.

"ಆಫೀಸಿನ ಅರ್ಜೆಂಟ್ ಕೆಲಸ. ಈ ಟೇಬಲ್ಲಿಗೆ ಯಾರನ್ನೂ ಕೂರಿಸಬೇಡ!" ಎಂದು ಗದರಿದ.

ಮಾಲೀಕರು ಬೋರಣ್ಣನ ಕಿವಿಯಲ್ಲಿ, "ಒರಟು ಮಾತಾಡದೆ ಅವನನ್ನ ಎಬ್ಬಿಸು. ಆಗಲಿಲ್ಲವೋ, ನಿನ್ನ ಕೆಲಸ ಹೋಯ್ತು" ಎಂದರು.

ಬಾಗಿಲಲ್ಲಿ ಮೂವರು ಅಜ್ಜಿಯರು ಜಾಗಕ್ಕೆ ಕಾಯುತ್ತಿದ್ದರು. ಬೋರಣ್ಣ ಕೈಮುಗಿದ. "ಊಟದ ಹೋಟೆಲಲ್ಲಿ ಹೇಗೆ ಕಾಯ್ತೀರಿ ಅವ್ವಾ? ಉಣ್ಣೋರ ಕುರ್ಚಿ ಹಿಂದೆ ನಿಂತು ತಾನೆ? ಹಾಗೇ ನಿಲ್ಲಿ."

ಮೂವರೂ ಸಾಹೇಬನ ಬೆನ್ನ ಹಿಂದೆ ನಿಂತರು. ಪರದೆಯ ತುಂಬ ಇಸ್ಪೀಟು ಎಲೆ! ಎರಡು ನಿಮಿಷ ನೋಡಿದ ಒಬ್ಬ ಅಜ್ಜಿಗೆ ತಡೆಯಲಾಗಲಿಲ್ಲ.

"ಆ ಕೆಂಪು ರಾಣೀನ ಕರಿ ರಾಜನ ಮೇಲೆ ಹಾಕಪ್ಪಾ, ಆಟ ಬಿಚ್ಕೊಳ್ತದೆ!"

ಅಂಗಡಿಗೆ ಅಂಗಡಿಯೇ ನಕ್ಕಿತು. ಸಾಹೇಬನೂ ನಾಚಿ ನಕ್ಕು, ಲ್ಯಾಪ್‌ಟಾಪ್ ಮಡಿಚಿ, ಅಜ್ಜಿಗೆ ಕುರ್ಚಿ ಬಿಟ್ಟುಕೊಟ್ಟ.

ಮಾಲೀಕರು ಹಿಗ್ಗಿದರು. "ನಾಳೆಯಿಂದ ಗಲ್ಲಾದಲ್ಲಿ ಕೂತ್ಕೊಳೋ. ದಿನವಿಡೀ ಏಳೋದೇ ಬೇಡ."

"ಬೇಡ ಧಣಿ. ಆಮೇಲೆ ನನ್ನ ಹಿಂದೇನೂ ಅಜ್ಜಿಯರನ್ನ ನಿಲ್ಲಿಸಬೇಕಾದೀತು" ಎನ್ನುತ್ತ ಬೋರಣ್ಣ ಮುಂದಿನ ಊರಿಗೆಂದು ಚೀಲಕ್ಕೆ ಬಟ್ಟೆ ತುಂಬತೊಡಗಿದ.