ಆವಿಗೆ ಕಟ್ಟುವ ಜಾಗ

“ಗುರುಗಳೇ, ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದಾಗ ಏನು ಮಾಡಬೇಕು?” ಎಂದು ಮುರಿಗೆಯ್ಯ ಕೇಳಿದ.

ಗುರುಗಳು ಜ್ವರ ಬಂದು ಮಲಗಿದ್ದ ನಾಲ್ಕು ದಿನ ಅವರ ಜಾಗದಲ್ಲಿ ಕೂತು, ಮಠಕ್ಕೆ ಬಂದವರ ಕಷ್ಟಸುಖ ಕೇಳಿದವನು ಅವನೇ. ಹಿಂದಿನ ದಿನ ಒಬ್ಬ ತಾಯಿ ಬಂದಿದ್ದಳು. ಗಂಡನ ಮನೆಯಿಂದ ಅಳುತ್ತ ಬಂದ ಮಗಳನ್ನು ತಿರುಗಿ ಕಳಿಸಲೋ, ಇಟ್ಟುಕೊಳ್ಳಲೋ ಎಂಬುದು ಅವಳ ಪ್ರಶ್ನೆ. ಮುರಿಗೆಯ್ಯನಿಗೆ ತಿಳಿಯಲಿಲ್ಲ. ತಿಳಿಯದು ಎನ್ನಲು ನಾಲಿಗೆಯೂ ಏಳಲಿಲ್ಲ. ತಾಳ್ಮೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿದ. ಅವಳು ಕಣ್ಣೊರೆಸಿಕೊಂಡು, ಕೈಮುಗಿದು ಹೋದಳು. ಕೂತಿದ್ದವರು ತಲೆದೂಗಿದರು. ಆಗಿನಿಂದ ಅವನಿಗೆ ಊಟ ಸೇರುತ್ತಿಲ್ಲ. ಅದನ್ನೆಲ್ಲ ಗುರುಗಳ ಮುಂದೆ ಹೇಳಿಕೊಂಡ.

ಗುರುಗಳು ಗೋಡೆಗೆ ಒರಗಿ ಕೂತು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಪಾರ್ಲಿಮೆಂಟ್ ಚುನಾವಣೆ ಬಂದಾಗಲೆಲ್ಲ ಅಭ್ಯರ್ಥಿಗಳನ್ನು ಒಂದೇ ವೇದಿಕೆಯ ಮೇಲೆ ಕೂರಿಸಿ ಪ್ರಶ್ನೆ ಕೇಳುವ ರೂಢಿಯಿತ್ತು. ಹಿಂದೊಮ್ಮೆ ಒಬ್ಬ ಮುಖಂಡ, ಕುಡಿಯುವ ನೀರಿನ ಬಗ್ಗೆ ಕೇಳಿದರೆ ದೇಶದ ಗಡಿಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ ಚಪ್ಪಾಳೆ ಹೊಡೆಸಿಕೊಂಡು ಹೋಗಿದ್ದ. ಅಂದಿನಿಂದ ಊರವರು ಒಂದು ಕಟ್ಟುಪಾಡು ಮಾಡಿಕೊಂಡರು. ಅಭ್ಯರ್ಥಿ ಮೊದಲು ಪ್ರಶ್ನೆಯನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಕೇಳಿದವರು ‘ಹೌದು, ಅದೇ’ ಎಂದ ಮೇಲೆಯೇ ಉತ್ತರ.

ಆ ವರ್ಷ ವೇದಿಕೆಯ ಮೇಲೆ ಮೂವರಿದ್ದರು. ಮೂರನೆಯವನು ಒಬ್ಬ ವಕೀಲ. ಕೋರ್ಟಿನಲ್ಲಿ ಎಂದೂ ತಡವರಿಸಿದವನಲ್ಲ. ಈ ಸಲ ಸೋತರೆ ಪಕ್ಷ ತನ್ನನ್ನು ಮತ್ತೆ ನಿಲ್ಲಿಸುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಮೂರು ದಿನ ಕೂತು ಎಲ್ಲ ಪ್ರಶ್ನೆಗೂ ಉತ್ತರ ಬಾಯಿಪಾಠ ಮಾಡಿಕೊಂಡು ಬಂದಿದ್ದ.

ಒಬ್ಬ ಕುಂಬಾರ ಹೆಂಗಸು ಎದ್ದು ನಿಂತಳು. ಹೊಳೆಯ ಅಣೆಕಟ್ಟನ್ನು ಎತ್ತರಿಸುತ್ತಾರಂತೆ, ಹಿನ್ನೀರು ಅವಳ ಊರಿನ ಕಡೆ ಏರುತ್ತದಂತೆ. ಮಡಕೆ ಸುಡುವ ಅವಳ ಆವಿಗೆ ಹೋದ ಮಳೆಗಾಲದಲ್ಲಿ ಕುಸಿದಿದೆ. ಮುಂದಿನ ಸೋಮವಾರ ಕಟ್ಟಲು ಶುರು ಮಾಡಬೇಕು. ಇದ್ದ ಜಾಗದಲ್ಲೇ ಕಟ್ಟಲೋ ಬೇಡವೋ ಎಂದು ಕೇಳಿದಳು.

ಮೊದಲನೆಯವನು, ಸಂತ್ರಸ್ತರ ಪರಿಹಾರದ ಬಗ್ಗೆ ಕೇಳುತ್ತಿದ್ದೀರಿ ಎಂದ. ಅವಳು ಅಲ್ಲವೆಂದು ತಲೆಯಾಡಿಸಿದಳು. ಅಣೆಕಟ್ಟು ಬೇಕೇ ಬೇಡವೇ ಎಂದು ಕೇಳುತ್ತಿದ್ದೀರಿ ಎಂದ. ಅದಕ್ಕೂ ತಲೆಯಾಡಿಸಿದಳು. ಮೂರನೆಯ ಸಲಕ್ಕೆ ಅವಳಿಗೇ ಸಂಕೋಚವಾಗಿ, ಹೂಂ ಎಂದುಬಿಟ್ಟಳು. ಎರಡನೆಯವನು ಆ ಹೂಂ ಅನ್ನೇ ಹಿಡಿದುಕೊಂಡು ಎದ್ದ. ತನ್ನ ಜೀವ ಇರುವವರೆಗೆ ಅವಳ ಊರಿಗೆ ಅಣೆಕಟ್ಟಿನ ಒಂದು ಹನಿ ನೀರು ನುಗ್ಗಲು ಬಿಡುವುದಿಲ್ಲ ಎಂದ. ಜನ ಶಿಳ್ಳೆ ಹಾಕಿದರು.

ವಕೀಲನ ಸರದಿ ಬಂತು. ಅಣೆಕಟ್ಟಿನ ಬಗ್ಗೆ ಒಂದು ಗಟ್ಟಿಯಾದ ಭಾಷಣ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಕಟ್ಟುಪಾಡಿನ ಪ್ರಕಾರ ಮೊದಲು ಪ್ರಶ್ನೆ ಹೇಳಬೇಕಲ್ಲ, ಹೇಳಿದ.

“ಯವ್ವಾ, ಬಿದ್ದ ಆವಿಗಿ ಇದ್ದಲ್ಲೇ ಕಟ್ಟಲ್ಯೋ ಬ್ಯಾಡೋ ಅಂತ ನೀ ಕೇಳಾಕತ್ತಿ. ಹೌದಿಲ್ಲೋ?”

“ಹೌದ್ರಿ, ಅದ,” ಎಂದಳು. ಅವಳ ಮುಖ ಅರಳಿತು.

ಅಲ್ಲಿಗೆ ವಕೀಲ ಸಿಕ್ಕಿಬಿದ್ದ. ಪ್ರಶ್ನೆಯನ್ನು ಸರಿಯಾಗಿ ಹೇಳಿದ ಬಾಯಿಗೆ ಆ ಭಾಷಣ ಬರಲಿಲ್ಲ. ಅವಳು ಕೇಳಿದ್ದು ಒಂದು ಜಾಗದ ಮಾತು. ಆ ಜಾಗವನ್ನು ಅವನು ನೋಡಿರಲಿಲ್ಲ. ಹಿಂದೆ ಕೂತಿದ್ದ ಪಕ್ಷದವರು ಏನಾದರೂ ಹೇಳಿ ಮುಗಿಸು ಎಂದು ಪಿಸುಗುಟ್ಟಿದರು.

“ನನಗ ಗೊತ್ತಿಲ್ಲ ಯವ್ವಾ,” ಎಂದ. “ಸೋಮವಾರದ ಒಳಗ ಬಂದು ಹೇಳ್ತೀನಿ. ನಿನ್ನ ಊರು ಯಾವುದು?”

ಸಭೆ ಗೊಳ್ಳೆಂದು ನಕ್ಕಿತು. ವೋಟು ಕೇಳಲು ಬಂದವನು ಊರು ಯಾವುದೆಂದು ಕೇಳುತ್ತಿದ್ದಾನೆ ಎಂದು ಯಾರೋ ಕೂಗಿದರು. ವಕೀಲನಿಗೆ ಕಿವಿಯವರೆಗೂ ಬಿಸಿಯೇರಿತು. ಆದರೂ ಅವಳು ಊರ ಹೆಸರು ಹೇಳುವವರೆಗೆ ಕಾದು, ಬರೆದುಕೊಂಡ.

ನಾಲ್ಕು ದಿನ ಅವನು ಪ್ರಚಾರದ ನಡುವೆಯೇ ಅಣೆಕಟ್ಟಿನ ಕಚೇರಿಗೆ ಅಲೆದ. ಹೊಸ ನೀರಿನ ಗೆರೆ ಎಲ್ಲಿಯವರೆಗೆ ಬರುತ್ತದೆಂದು ಗುರುತಿಗೆ ಕಲ್ಲು ನೆಟ್ಟಿದ್ದಾರೆ ಎಂದು ಅಲ್ಲಿ ತಿಳಿಯಿತು. ಆ ಕಲ್ಲಿನ ಮೇಲಿನ ಅಂಕಿಯನ್ನು ಓದುವುದು ಹೇಗೆಂದು ಕಲಿತುಕೊಂಡ. ಭಾನುವಾರ ಬಂತು. ಅಂದು ಪೇಟೆಯಲ್ಲಿ ಅವನ ಪಕ್ಷದ ದೊಡ್ಡ ಸಭೆ, ದಿಲ್ಲಿಯಿಂದ ನಾಯಕರು ಬರುವವರಿದ್ದರು. ಅವನು ಸಭೆ ಬಿಟ್ಟು ಕುಂಬಾರರ ಊರಿಗೆ ಹೋದ. ಅಲ್ಲಿದ್ದದ್ದು ಎಲ್ಲ ಸೇರಿ ನಲವತ್ತು ಮನೆ.

ಕಲ್ಲು ಜಾಲಿಯ ಪೊದೆಯೊಳಗೆ ಮುಚ್ಚಿಹೋಗಿತ್ತು. ಮೈ ಗೀರಿಸಿಕೊಂಡು ಒಳಗೆ ನುಗ್ಗಿ ಅಂಕಿ ಓದಿದ. ಕಲ್ಲು ಮೇಲಿತ್ತು, ಆವಿಗೆಯ ಜಾಗ ಕೆಳಗಿತ್ತು. ಅವನಿಗೆ ತುಂಬ ಬೇಸರವಾಯಿತು. ಆ ಅಂಕಿ ಓದಲು ಬರುವವರು ಅಲ್ಲಿ ಅವನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಮತದಾನಕ್ಕೆ ಮೂರೇ ದಿನ. ಏನೂ ಭಯವಿಲ್ಲ ಎಂದಿದ್ದರೆ ನಲವತ್ತು ಮನೆಯೂ ಅವನ ಕೈಗೆ ಬರುತ್ತಿತ್ತು. ಪೊದೆಯೊಳಗೆ ಅವನು ಸ್ವಲ್ಪ ಹೊತ್ತು ಕೂತೇ ಇದ್ದ. ಆಮೇಲೆ ಹೊರಗೆ, ಅವಳಿದ್ದಲ್ಲಿಗೆ ಬಂದ.

“ಇಲ್ಲಿ ಕಟ್ಟಬ್ಯಾಡ ಯವ್ವಾ. ನೀರು ಈ ಕಲ್ಲಿನ ತನಕ ಬರತೈತಿ. ನಾ ಗೆದ್ದರೂ ಬರತೈತಿ.”

ಅವಳು ಕುಸಿದ ಆವಿಗೆಯನ್ನು ನೋಡಿದಳು. ಅವಳ ಅತ್ತೆಯೂ ಅತ್ತೆಯ ಅತ್ತೆಯೂ ಮಡಕೆ ಸುಟ್ಟ ಜಾಗ ಅದು. ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡಳು. ಮೇಲಿನ ದಿಬ್ಬದ ಕಡೆ ತಿರುಗಿದಳು.

“ಹಂಗಾರ ಅಲ್ಲಿ ಕಟ್ತೀನ್ರಿ. ಮಣ್ಣು ಹೊರೂದು ದೂರ ಆಗತೈತಿ, ಆಗಲಿ.”

ಅಷ್ಟು ಹೇಳಿ ಬುಟ್ಟಿ ತೆಗೆದುಕೊಂಡು, ಹಳೆಯ ಆವಿಗೆಯ ಇಟ್ಟಿಗೆ ಆರಿಸತೊಡಗಿದಳು.

ವಕೀಲ ನೋಡುತ್ತ ನಿಂತ. ಆ ಚುನಾವಣೆಯಲ್ಲಿ ಅವನು ನೂರಾರು ಉತ್ತರ ಕೊಟ್ಟಿದ್ದ. ಒಂದು ಉತ್ತರವನ್ನು ನಂಬಿ ಯಾರಾದರೂ ಕೆಲಸಕ್ಕೆ ಎದ್ದದ್ದು ಅದೇ ಮೊದಲು. ಎಂಥ ಮನುಷ್ಯನಪ್ಪಾ ಅವನು, ವೋಟು ಕೇಳುವುದನ್ನೂ ಮರೆತು ಹಿಂದಕ್ಕೆ ನಡೆದ.

ಗುರುಗಳು ಕತೆ ನಿಲ್ಲಿಸಿದರು. ಕೊನೆಗೆ ಅವನು ಗೆದ್ದನೇ ಎಂದು ಮುರಿಗೆಯ್ಯ ಕೇಳಿದ.

“ಅದಿರಲಿ ಮುರಿಗೆಯ್ಯ, ನಿನ್ನೆ ಬಂದಿದ್ದ ಆ ತಾಯಿಯ ಊರು ಯಾವುದು?” ಎಂದರು ಗುರುಗಳು.

ಮುರಿಗೆಯ್ಯ ಅದನ್ನು ಕೇಳಿರಲಿಲ್ಲ. ಎದ್ದು, ನಿನ್ನೆ ಮಠದಲ್ಲಿ ಕೂತಿದ್ದವರನ್ನು ವಿಚಾರಿಸಲು ಹೊರಟ.